ಕಾಲು ಉಳುಕಿದರೆ: ಮೊದಲ ದಿನದಿಂದ ಮತ್ತೆ ಓಡುವವರೆಗೆ

ಪಾಚಿ ಕಟ್ಟಿದ ಅಂಗಳ, ಎದ್ದುನಿಂತ ಫುಟ್‌ಪಾತ್ ಕಲ್ಲು, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿಯುವ ಆತುರ, ವಾಲಿಬಾಲ್‌ನಲ್ಲಿ ಎಗರಿ ಸ್ಮ್ಯಾಶ್ ಹೊಡೆದು ಇನ್ನೊಬ್ಬರ ಪಾದದ ಮೇಲೆ ಇಳಿದ ಕಾಲು. ಕಣಕಾಲು ಉಳುಕಲು ಇಷ್ಟು ಸಾಕು. ಆಮೇಲಿನ ಕಥೆಯೂ ನಮಗೆಲ್ಲ ಗೊತ್ತಿರುವುದೇ. ಎರಡು ದಿನ ಕುಂಟುತ್ತೇವೆ, ಮನೆಯಲ್ಲಿ ಯಾರಾದರೂ ಎಣ್ಣೆ ಹಚ್ಚಿ ನೀವುತ್ತಾರೆ, ಊತ ಇಳಿಯುತ್ತದೆ, ಮರೆತುಬಿಡುತ್ತೇವೆ. ಕೆಲವು ತಿಂಗಳಾದ ಮೇಲೆ ಅದೇ ಕಾಲು ಮತ್ತೆ ಹೊರಳುತ್ತದೆ, ಈ ಸಲ ಸಮತಟ್ಟು ನೆಲದಲ್ಲೇ.

ಪದೇ ಪದೇ ಉಳುಕುವುದಕ್ಕೆ ಹಣೆಬರಹ ಕಾರಣವಲ್ಲ. ಮೊದಲ ಸಲ ಉಳುಕಿದಾಗ ಕೆಲಸ ಅರ್ಧಕ್ಕೆ ನಿಂತಿರುತ್ತದೆ, ಅಷ್ಟೇ. ನೋವು ಹೋದ ದಿನಕ್ಕೇ ನಾವು ಕಾಲನ್ನು ನೋಡಿಕೊಳ್ಳುವುದು ಬಿಡುತ್ತೇವೆ. ನಿಜವಾದ ಫಿಸಿಯೋಥೆರಪಿ ಶುರುವಾಗಬೇಕಾದದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಒಳಗೆ ಏನಾಗಿರುತ್ತದೆ?

ಸಾಮಾನ್ಯವಾಗಿ ಪಾದ ಒಳಮುಖವಾಗಿ ಮಡಚಿಕೊಂಡು ದೇಹದ ಭಾರ ಹೊರ ಅಂಚಿನ ಮೇಲೆ ಬೀಳುತ್ತದೆ. ಕಣಕಾಲಿನ ಹೊರಬದಿಯಲ್ಲಿ ಉಬ್ಬಿಕೊಂಡಿರುವ ಮೂಳೆ ಇದೆಯಲ್ವಾ, ಅದರ ಮುಂದೆ, ಸ್ವಲ್ಪ ಕೆಳಗೆ ಒಂದು ಚಿಕ್ಕ ಪಟ್ಟಿಯಂಥ ಲಿಗಮೆಂಟ್ ಇರುತ್ತದೆ. ಮೂಳೆಗೆ ಮೂಳೆಯನ್ನು ಬಿಗಿದು ಹಿಡಿದಿರುವ ಕಟ್ಟು ಅದು. ಉಳುಕಿದಾಗ ಮೊದಲು ಹಿಗ್ಗುವುದು, ಹರಿಯುವುದು ಅದೇ. 'ನರದ ಮೇಲೆ ನರ ಹತ್ತಿದೆ' ಅಂತ ಹೇಳುವುದನ್ನು ಕೇಳಿರುತ್ತೀರಿ. ಹಾಗೇನೂ ಆಗಿರುವುದಿಲ್ಲ. ಆದ್ದರಿಂದ ಎಳೆದು, ಲಟ್ ಅನ್ನಿಸಿ 'ಇಳಿಸುವ' ಕೆಲಸವೂ ಇರುವುದಿಲ್ಲ. ಎಳೆ ಹರಿದ ಜಾಗವನ್ನು ಇನ್ನಷ್ಟು ಎಳೆದರೆ ಗಾಯ ದೊಡ್ಡದಾಗುತ್ತದೆ.

ಲಿಗಮೆಂಟಿಗೆ ಇನ್ನೊಂದು ಕೆಲಸವೂ ಇದೆ. ಪಾದ ಯಾವ ಕೋನದಲ್ಲಿದೆ, ಎಷ್ಟು ವಾಲಿದೆ ಅನ್ನುವ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಸೂಕ್ಷ್ಮ ನರತುದಿಗಳು ಅದರೊಳಗೆ ಇರುತ್ತವೆ. ಪೆಟ್ಟು ಬಿದ್ದಾಗ ಅವೂ ಕೆಡುತ್ತವೆ. ಆಮೇಲೆ ಕಾಲು ವಾಲಿದ ಸುದ್ದಿ ಹೋಗುವುದೇ ತಡ, ಅದನ್ನು ಎಳೆದು ಹಿಡಿಯಬೇಕಾದ ಸ್ನಾಯು ಎಚ್ಚರಗೊಳ್ಳುವುದೂ ತಡ. ಅಷ್ಟರಲ್ಲಿ ಕಾಲು ಮತ್ತೆ ಹೊರಳಿರುತ್ತದೆ. ಈ ಎಚ್ಚರವನ್ನು ಯಾವ ಎಣ್ಣೆಯೂ ಮಾತ್ರೆಯೂ ವಾಪಸ್ ತರುವುದಿಲ್ಲ. ಅಭ್ಯಾಸದಿಂದಲೇ ತಂದುಕೊಳ್ಳಬೇಕು.

ಹಂತ 1: ಮೂಳೆ ಮುರಿದಿಲ್ಲವೇ ನೋಡಿಕೊಳ್ಳಿ

'ಬೆರಳು ಅಲ್ಲಾಡಿಸೋಕೆ ಆಗ್ತಿದೆ, ಹಾಗಾದ್ರೆ ಮುರಿದಿಲ್ಲ' ಎಂಬ ಮಾತನ್ನು ನಂಬಬೇಡಿ. ಕಣಕಾಲಿನ ಮೂಳೆ ಮುರಿದಿದ್ದರೂ ಬೆರಳು ಅಲ್ಲಾಡುತ್ತದೆ. ಊತ ಎಷ್ಟಿದೆ ಅನ್ನುವುದರಿಂದಲೂ ಗೊತ್ತಾಗುವುದಿಲ್ಲ. ಸುಮ್ನೆ ಉಳುಕಿದ ಕಾಲು ಮುರಿದ ಕಾಲಿಗಿಂತ ಜಾಸ್ತಿ ಊದಿಕೊಳ್ಳುವುದುಂಟು.

ಇದಕ್ಕೆ ಡಾಕ್ಟರುಗಳು ಬಳಸುವ ಒಂದು ಒಳ್ಳೆಯ ಕ್ರಮ ಇದೆ. ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಜೊತೆಗಾರರು 1992ರಲ್ಲಿ ರೂಪಿಸಿದ ಇದನ್ನು ಒಟ್ಟಾವಾ ಆ್ಯಂಕಲ್ ನಿಯಮ ಅನ್ನುತ್ತಾರೆ. ಎಕ್ಸ್-ರೇ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸಲು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮನೆಯಲ್ಲೂ ಹೀಗೆ ನೋಡಬಹುದು.

ಒಂದು ಬೆರಳಿನಿಂದ ಮೂಳೆಯನ್ನೇ ಒತ್ತಿ, ಊದಿದ ಮಾಂಸವನ್ನಲ್ಲ. ಹೊರಗಿನ ಗಂಟುಮೂಳೆಯ ತುದಿ, ಅಲ್ಲಿಂದ ಮೇಲಕ್ಕೆ ಸುಮಾರು 6 ಸೆಂಟಿಮೀಟರ್‌ವರೆಗೆ ಅದರ ಹಿಂಬದಿಯ ಅಂಚು. ಒಳಗಿನ ಗಂಟುಮೂಳೆಯಲ್ಲೂ ಹಾಗೆಯೇ. ನಂತರ ಪಾದದ ಹೊರ ಅಂಚಿಗೆ ಬನ್ನಿ. ಕಿರುಬೆರಳಿಗೂ ಹಿಮ್ಮಡಿಗೂ ನಡುವೆ ಕೈಗೆ ಒಂದು ಗುಬುಟು ಸಿಗುತ್ತದೆ, ಅದನ್ನು ಒತ್ತಿ. ಕೊನೆಗೆ ಪಾದದ ಒಳ ಅಂಚಿನಲ್ಲಿ, ಒಳಗಂಟಿನ ಮುಂದೆ ಕೆಳಗೆ ಇರುವ ಉಬ್ಬು. ಈ ಜಾಗಗಳಲ್ಲಿ ಯಾವುದಾದರೂ ಒಂದನ್ನು ಒತ್ತಿದಾಗ ನೋವಾದರೆ ಎಕ್ಸ್-ರೇ ಬೇಕು. ಬಿದ್ದ ತಕ್ಷಣವೂ, ಈಗಲೂ ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲು ಆಗದಿದ್ದರೂ ಬೇಕು. ಕುಂಟುತ್ತಾ ನಡೆದರೂ ನಡೆದಂತೆಯೇ ಲೆಕ್ಕ.

ಕೆಲವರು ಈ ಪರೀಕ್ಷೆಯನ್ನು ನೆಚ್ಚಿಕೊಳ್ಳದೆ ನೇರ ಡಾಕ್ಟರ ಹತ್ತಿರ ಹೋಗುವುದು ಒಳ್ಳೆಯದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಒತ್ತಿದರೂ ನೋವು ಗೊತ್ತಾಗುವುದಿಲ್ಲ. ಮಕ್ಕಳಲ್ಲಿ ಮೂಳೆ ಬೆಳೆಯುವ ಜಾಗ ಲಿಗಮೆಂಟಿಗಿಂತ ಮೃದುವಾಗಿರುವುದರಿಂದ ಪೆಟ್ಟು ಅಲ್ಲಿಗೇ ಬೀಳಬಹುದು. ಮೂಳೆ ಸವೆದ ವಯಸ್ಸಾದವರು, ಗರ್ಭಿಣಿಯರು ಕೂಡ ತೋರಿಸಿಕೊಳ್ಳಲಿ.

ಕಾಲಿನ ಆಕಾರವೇ ಸೊಟ್ಟಗಾಗಿದ್ದರೆ, ಪಾದ ತಣ್ಣಗಾಗಿ ಬಿಳಿಚಿಕೊಂಡಿದ್ದರೆ, ಚರ್ಮ ಒಡೆದಿದ್ದರೆ ಪರೀಕ್ಷೆಗಿರೀಕ್ಷೆ ಏನೂ ಬೇಡ, ತಕ್ಷಣ ಆಸ್ಪತ್ರೆ. ಹಿಮ್ಮಡಿಯ ಮೇಲ್ಭಾಗದಲ್ಲಿ ಹಿಂದಿನಿಂದ ಯಾರೋ ಒದ್ದಂತೆ ಅನ್ನಿಸಿ, ಆಮೇಲೆ ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಅದು ಉಳುಕಲ್ಲ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ದಪ್ಪ ಹುರಿ ಹರಿದಿರಬಹುದು. ಅದಕ್ಕೂ ತಡ ಮಾಡಬಾರದು.

ಹಂತ 2: ಮೊದಲ ಎರಡು ಮೂರು ದಿನ

ಈ ಹೊತ್ತಿನಲ್ಲಿ ಮಾಡಬೇಕಾದ್ದಕ್ಕಿಂತ ಮಾಡಬಾರದ್ದು ಮುಖ್ಯ. ನೀವಿಸಬೇಡಿ. ಬಿಸಿ ಶಾಖ ಕೊಡಬೇಡಿ, ಬಿಸಿನೀರಲ್ಲಿ ಕಾಲು ಇಡಬೇಡಿ. ಮದ್ಯ ಕುಡಿಯಬೇಡಿ. ಒಳಗೆ ರಕ್ತ ಒಸರುತ್ತಿರುವಾಗ ಇವೆಲ್ಲ ಊತವನ್ನು ಹೆಚ್ಚಿಸುತ್ತವೆ. ಹುಣಸೆಹಣ್ಣು, ಉಪ್ಪು ಕಲೆಸಿ ಪಟ್ಟು ಹಾಕುವವರಿದ್ದಾರೆ. ಚರ್ಮ ಒಡೆದಿಲ್ಲ, ಪಟ್ಟು ಬಿಸಿಯಾಗಿಲ್ಲ ಅಂದರೆ ಹಾಕಿಕೊಳ್ಳಿ, ಅಜ್ಜಿಯ ಸಮಾಧಾನಕ್ಕೆ ಅಡ್ಡ ಬರಬೇಕಿಲ್ಲ. ಆದರೆ ಅದರ ಮೇಲೆ ಬಿದಿರಿನ ಸೀಳಿಟ್ಟು ಬಿಗಿಯಾಗಿ ಕಟ್ಟಿಸಿಕೊಳ್ಳಬೇಡಿ. ಊತ ಏರುವಾಗ ಆ ಕಟ್ಟು ರಕ್ತ ಓಡಾಟವನ್ನೇ ನಿಲ್ಲಿಸಬಹುದು.

ಮಲಗುವಾಗ ಎರಡು ಮೂರು ದಿಂಬಿಟ್ಟು ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ಇಡಿ. ಕುರ್ಚಿಯಲ್ಲಿ ಕೂತು ಮುಂದಿನ ಸ್ಟೂಲಿನ ಮೇಲೆ ಕಾಲು ಚಾಚಿದರೆ ಅಷ್ಟು ಎತ್ತರ ಸಿಗುವುದಿಲ್ಲ. ಐಸ್ ತುಂಡುಗಳನ್ನು ಕವರಿಗೆ ಹಾಕಿ, ಒದ್ದೆ ಟವೆಲ್ ಸುತ್ತಿ, ಒಂದು ಸಲಕ್ಕೆ 10ರಿಂದ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ. ಐಸನ್ನು ನೇರ ಚರ್ಮಕ್ಕೆ ತಾಗಿಸಬೇಡಿ. ಐಸಿನಿಂದ ನೋವು ತಗ್ಗುತ್ತದೆ, ಲಿಗಮೆಂಟ್ ಬೇಗ ಕೂಡುತ್ತದೆ ಅಂತೇನಿಲ್ಲ. ವಿಶ್ರಾಂತಿ, ಐಸ್, ಬ್ಯಾಂಡೇಜ್, ಕಾಲೆತ್ತಿಡುವುದು ಎಂಬ ನಾಲ್ಕರ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ ಮುಂದೆ, ಐಸ್ ಮತ್ತು ಪೂರ್ತಿ ವಿಶ್ರಾಂತಿ ಎರಡೂ ವಾಸಿಯಾಗುವುದನ್ನು ತಡ ಮಾಡಬಹುದು ಎಂದು ತಮ್ಮ ಮಾತನ್ನು ತಿದ್ದಿಕೊಂಡರು.

ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಬುಡದಿಂದ ಶುರು ಮಾಡಿ, ಪಾದ ಸುತ್ತಿ, ಕಣಕಾಲಿನ ಹತ್ತಿರ ಇಂಗ್ಲಿಷಿನ 8ರ ಆಕಾರದಲ್ಲಿ ತಂದು, ಮೇಲಕ್ಕೆ ಒಯ್ಯಿರಿ. ಕೆಳಗೆ ಸ್ವಲ್ಪ ಬಿಗಿ, ಮೇಲೆ ಹೋದಂತೆ ಸಡಿಲ. ತಿರುಗಿಸಿ ಕಟ್ಟಿದರೆ, ಅಂದರೆ ಮೇಲೆ ಬಿಗಿಯಾದರೆ, ಪಾದ ಊದಿಕೊಳ್ಳುತ್ತದೆ. ಕಟ್ಟಿದ ಮೇಲೆ ಹೆಬ್ಬೆರಳಿನ ಉಗುರನ್ನು ಒಮ್ಮೆ ಒತ್ತಿ ಬಿಡಿ. ಬಿಳಿಯಾದದ್ದು ತಕ್ಷಣ ಕೆಂಪಾಗಬೇಕು. ಬೆರಳು ಜುಮ್ಮೆನ್ನುತ್ತಿದ್ದರೆ, ನೀಲಿಯಾಗುತ್ತಿದ್ದರೆ ಬಿಚ್ಚಿ ಮತ್ತೆ ಕಟ್ಟಿ. ರಾತ್ರಿ ಬಿಚ್ಚಿಡಿ.

ನೋವಿಗೆ ಪ್ಯಾರಸಿಟಮಾಲ್ ಅಥವಾ ಮೇಲೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಸಾಕಾಗುತ್ತದೆ. ಜೆಲ್ಲನ್ನು ಮೆಲ್ಲಗೆ ಸವರಿ, ತಿಕ್ಕಬೇಡಿ. ಕಿಡ್ನಿ, ಹೊಟ್ಟೆಹುಣ್ಣು, ಹೃದಯದ ತೊಂದರೆ ಇರುವವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ನೋವಿನ ಮಾತ್ರೆಯನ್ನು ಅಂಗಡಿಯಿಂದ ಸುಮ್ನೆ ತಂದು ನುಂಗಬಾರದು.

ಹಂತ 3: ಸರಿಯಾಗಿ ನಡೆಯುವುದು

ಮೂಳೆ ಮುರಿದಿಲ್ಲ ಎಂದಾದರೆ ವಾರಗಟ್ಟಲೆ ಹಾಸಿಗೆ ಹಿಡಿಯುವ ಅಗತ್ಯ ಇಲ್ಲ. ಎರಡನೆಯ ಮೂರನೆಯ ದಿನದಿಂದಲೇ ತಡೆದುಕೊಳ್ಳುವಷ್ಟು ಭಾರ ಹಾಕಿ ನಡೆಯಿರಿ. ಅಳತೆಗೋಲು ಹೀಗೆ: ನಡೆಯುವಾಗ ಹತ್ತಕ್ಕೆ ಮೂರು ನಾಲ್ಕರಷ್ಟು ನೋವಿದ್ದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆ ಊತ, ನೋವು ಹಿಂದಿನ ದಿನಕ್ಕಿಂತ ಜಾಸ್ತಿ ಆಗಿರಬಾರದು. ಜಾಸ್ತಿ ಆಗಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಮುಂದಿನ ಎಲ್ಲ ಹಂತಕ್ಕೂ ಇದೇ ಅಳತೆ.

ಕೋಲು ಬೇಕಾದರೆ ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಿರಿ. ಬಹಳ ಜನ ನೋವಿರುವ ಕಡೆಗೇ ಹಿಡಿಯುತ್ತಾರೆ, ಅದರಿಂದ ನಡಿಗೆ ಇನ್ನಷ್ಟು ವಾಲುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಹೆಜ್ಜೆ ಚಿಕ್ಕದಾದರೂ ಹಿಮ್ಮಡಿ ಮೊದಲು ಊರಿ, ಪಾದ ಉರುಳಿಸಿ, ಹೆಬ್ಬೆರಳಿನಿಂದ ನೂಕಿ. ಪಾದವನ್ನು ಹೊರಕ್ಕೆ ತಿರುಗಿಸಿಕೊಂಡು ಎಳೆದಾಡುವ ರೂಢಿ ಒಮ್ಮೆ ಬಿದ್ದರೆ ಬಿಡಿಸುವುದು ಕಷ್ಟ, ಮಂಡಿ ಸೊಂಟಕ್ಕೂ ಅದರ ಪೆಟ್ಟು.

ನಮ್ಮ ಮನೆಗಳಲ್ಲಿ ಇನ್ನೂ ಎರಡು ಕಷ್ಟ ಇವೆ. ಒಂದು, ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ. ಹಿಮ್ಮಡಿ ನೆಲಕ್ಕೂರಿ ಪೂರ್ತಿ ಕೂರಲು ಕಣಕಾಲು ಬಹಳ ಬಾಗಬೇಕು, ಮೊದಲ ವಾರ ಅದು ಆಗುವುದಿಲ್ಲ. ಕಮೋಡ್ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಮಧ್ಯೆ ತೂತಿರುವ ಕಮೋಡ್ ಕುರ್ಚಿ ಮೆಡಿಕಲ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಇನ್ನೊಂದು, ಚಕ್ಕಲಮಕ್ಕಲ ಹಾಕಿ ನೆಲಕ್ಕೆ ಕೂರುವುದು. ಆಗ ಪಾದ ಒಳಕ್ಕೆ ಮಡಚಿ, ಉಳುಕಿದ ಭಾಗವೇ ಹಿಗ್ಗಿ ನೆಲಕ್ಕೆ ಒತ್ತುತ್ತದೆ. ಊಟಕ್ಕೆ, ಪೂಜೆಗೆ ಕೆಲವು ದಿನ ಕುರ್ಚಿ ಹಾಕಿಕೊಳ್ಳಿ.

ಹಂತ 4: ಬಿಗಿ ಬಿಡಿಸುವುದು

ಮೂರನೆಯ ದಿನದ ಹೊತ್ತಿಗೆ ಇದನ್ನು ಶುರು ಮಾಡಬಹುದು. ಮಲಗಿಕೊಂಡೇ ಪಾದವನ್ನು ಮೇಲೆ ಕೆಳಗೆ ಆಡಿಸಿ, ಗಂಟೆಗೊಮ್ಮೆ ಇಪ್ಪತ್ತು ಸಲ. ಊತ ಇಳಿಸುವುದಕ್ಕೆ ಇದೇ ಒಳ್ಳೆಯ ಪಂಪು. ಆಮೇಲೆ ಹೆಬ್ಬೆರಳನ್ನೇ ಬಳಪ ಮಾಡಿಕೊಂಡು ಗಾಳಿಯಲ್ಲಿ ಅ, ಆ, ಇ, ಈ ಬರೆಯಿರಿ. ಮಂಡಿ ಅಲ್ಲಾಡದೆ ಪಾದ ಮಾತ್ರ ತಿರುಗಬೇಕು. ನಮ್ಮ ಅಕ್ಷರಗಳು ದುಂಡಗಿರುವುದರಿಂದ ಪಾದ ಎಲ್ಲ ದಿಕ್ಕಿಗೂ ಸುತ್ತಿ ಬರುತ್ತದೆ. 'ಈ', 'ಋ' ಬರೆಯುವಾಗ ಎಲ್ಲಿ ಹಿಡಿಯುತ್ತದೆ ಎಂದು ಗಮನಿಸಿ, ಅಲ್ಲಿ ನಿಧಾನ ಮಾಡಿ.

ಎರಡನೆಯ ವಾರದಿಂದ ಗೋಡೆಯ ಅಭ್ಯಾಸ. ಗೋಡೆಗೆ ಮುಖ ಮಾಡಿ, ಉಳುಕಿದ ಕಾಲು ಮುಂದಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ತಾಗಿದರೆ ಪಾದವನ್ನು ಒಂದಿಷ್ಟು ಹಿಂದೆ ಸರಿಸಿ ಮತ್ತೆ ಪ್ರಯತ್ನಿಸಿ. ಮಂಡಿ ತಾಗುವ ಕೊನೆಯ ಜಾಗದಲ್ಲಿ ಹೆಬ್ಬೆರಳಿನಿಂದ ಗೋಡೆಗೆ ಎಷ್ಟು ಸೆಂಟಿಮೀಟರ್ ಇದೆ ಎಂದು ಸ್ಕೇಲಿನಲ್ಲಿ ಅಳೆಯಿರಿ. ಇನ್ನೊಂದು ಕಾಲನ್ನೂ ಅಳೆಯಿರಿ. ಎರಡೂ ಸಮವಾಗುವವರೆಗೆ ದಿನಾ ಮಾಡಬೇಕು. ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಸುಧಾರಣೆ ಕಣ್ಣಿಗೆ ಕಾಣುತ್ತದೆ.

ಹಂತ 5: ಬಲ

ಹಳೆಯ ಸೈಕಲ್ ಟ್ಯೂಬಿನ ಒಂದು ತುಂಡು ಸಾಕು. ಕುರ್ಚಿಯಲ್ಲಿ ಕೂತು ಟ್ಯೂಬನ್ನು ಮಂಚದ ಕಾಲಿಗೆ ಕಟ್ಟಿ, ಇನ್ನೊಂದು ತುದಿಯ ಕುಣಿಕೆಯನ್ನು ಪಾದಕ್ಕೆ ಹಾಕಿ. ಹಿಮ್ಮಡಿ ನೆಲದಲ್ಲೇ ಇರಲಿ, ಪಾದವನ್ನು ಹೊರಕ್ಕೆ ತಿರುಗಿಸಿ ಎಳೆಯಿರಿ, ನಿಧಾನವಾಗಿ ವಾಪಸ್ ಬಿಡಿ. ಬಿಡುವಾಗಿನ ನಿಧಾನವೇ ಇಲ್ಲಿ ಮುಖ್ಯ. ಕಾಲು ಒಳಕ್ಕೆ ಹೊರಳುವಾಗ ತಡೆಯುವ ಸ್ನಾಯು ಮಾಡಬೇಕಾದದ್ದು ಅದೇ ಕೆಲಸ. ಹದಿನೈದರಂತೆ ಮೂರು ಸುತ್ತು.

ಜೊತೆಗೆ ಅಡುಗೆಕಟ್ಟೆ ಹಿಡಿದು ತುದಿಗಾಲಲ್ಲಿ ಏರುವುದು. ಮೊದಲು ಎರಡೂ ಕಾಲು, ನಂತರ ಎರಡರಲ್ಲಿ ಏರಿ ಒಂದರಲ್ಲಿ ಇಳಿಯುವುದು, ಕೊನೆಗೆ ಒಂದೇ ಕಾಲಲ್ಲಿ. ಒಳ್ಳೆಯ ಕಾಲಲ್ಲಿ ಎಷ್ಟು ಸಲ ಏರಬಲ್ಲಿರೋ ಅಷ್ಟೇ ಸಲ ಈ ಕಾಲಲ್ಲೂ ಏರಲು ಬರಬೇಕು.

ಹಂತ 6: ಸಮತೋಲನ, ಎಲ್ಲರೂ ಬಿಡುವ ಹಂತ

ನಮ್ಮ ಬೀದಿಯ ವಾಲಿಬಾಲ್ ಹುಡುಗನೊಬ್ಬ ಕಾಲು ಉಳುಕಿ ಕೆಲವು ವಾರದ ಮೇಲೆ 'ಪೂರ್ತಿ ಸರಿ ಹೋಗಿದೆ ಅಕ್ಕಾ' ಅಂದ. ಊತ ಇರಲಿಲ್ಲ, ಒತ್ತಿದರೆ ನೋವಿರಲಿಲ್ಲ. ಬರಿಗಾಲಲ್ಲಿ ಒಂದೇ ಕಾಲ ಮೇಲೆ ನಿಂತು ಕಣ್ಣು ಮುಚ್ಚು ನೋಡೋಣ ಅಂದೆ. ಒಳ್ಳೆಯ ಕಾಲಲ್ಲಿ ನಿಂತ. ಉಳುಕಿದ ಕಾಲಲ್ಲಿ ಕಣ್ಣು ಮುಚ್ಚಿದ್ದೇ ತಡ, ಐದೂ ಬೆರಳು ನೆಲವನ್ನು ಗೀರಿ ಹಿಡಿದವು, ಪಾದ ಎಡಬಲ ತೂಗಿತು, ಎರಡೂ ಕೈ ಗಾಳಿಯಲ್ಲಿ ಬೀಸಿ ಗೋಡೆ ಹುಡುಕಿದವು. ಅವನಿಗೇ ನಂಬಲಾಗಲಿಲ್ಲ. ನೀವೂ ಈಗಲೇ ನೋಡಿಕೊಳ್ಳಬಹುದು, ಗೋಡೆಯ ಪಕ್ಕದಲ್ಲೇ ನಿಂತು.

ಅಭ್ಯಾಸ ಹೀಗೆ ಮಾಡಿ. ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ಒಂಟಿಕಾಲಲ್ಲಿ ನಿಂತುಕೊಳ್ಳಿ, ಮಂಡಿ ಚೂರು ಬಾಗಿರಲಿ, ಕಣ್ಣು ತೆರೆದಿರಲಿ. 30 ಸೆಕೆಂಡು. ಆಗ ಹೊರಗಂಟಿನ ಹಿಂದೆ ಕಣ್ಣಾಡಿಸಿ. ಚರ್ಮದ ಕೆಳಗೆ ಒಂದು ಹುರಿ ಕ್ಷಣಕ್ಷಣಕ್ಕೂ ಬಿಗಿಯಾಗಿ ಸಡಿಲವಾಗುವುದು ಕಾಣುತ್ತದೆ. ಕಾಲು ಹೊರಳದಂತೆ ಕಾಯುವ ಸ್ನಾಯುವಿನ ಹುರಿ ಅದು. ಅದಕ್ಕೇ ಈ ತರಬೇತಿ. ಮೂರು ಸಲ 30 ಸೆಕೆಂಡು ಸುಲಭವಾದ ಮೇಲೆ ಕೈ ಎದೆಗೆ ಕಟ್ಟಿ ನಿಲ್ಲಿ. ಅದೂ ಸುಲಭವಾದರೆ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ಆಮೇಲೆ ಕಣ್ಣು ಮುಚ್ಚಿ. ಆಮೇಲೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ನಿಲ್ಲಿ. ಮನೆಯಲ್ಲಿ ಯಾರಾದರೂ ಚೆಂಡು ಎಸೆದರೆ ಹಿಡಿಯುವುದು ಕೊನೆಯ ಪಾಠ, ಏಕೆಂದರೆ ಆಟದಲ್ಲೂ ರಸ್ತೆಯಲ್ಲೂ ಕಾಲಿನ ಮೇಲೆ ಗಮನ ಇಲ್ಲದಾಗಲೇ ಅದು ಹೊರಳುವುದು.

ಯೋಗ ಮಾಡುವವರು ವೃಕ್ಷಾಸನವನ್ನೇ ಬಳಸಿಕೊಳ್ಳಿ. ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಕಾಲು, ರಾತ್ರಿ ಹಲ್ಲುಜ್ಜುವಾಗಲೂ ಅದೇ. ಬಚ್ಚಲು ಒದ್ದೆಯಿದ್ದರೆ ಮಾತ್ರ ಹೊರಗೆ ಬಂದು ನಿಲ್ಲಿ.

ಎಷ್ಟು ದಿನ? ಎಂಟು ವಾರ. ಇದು ಸುಮ್ನೆ ಹೇಳಿದ ಲೆಕ್ಕವಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಕಣಕಾಲು ಉಳುಕಿದ 522 ಆಟಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆಯ ಜೊತೆ ಮನೆಯಲ್ಲೇ ಎಂಟು ವಾರ ಮಾಡುವ ಸಮತೋಲನದ ಅಭ್ಯಾಸ ಕೊಟ್ಟರು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ ಮತ್ತೆ ಕಾಲು ಉಳುಕಿದವರು ಅಭ್ಯಾಸ ಮಾಡಿದ ಗುಂಪಿನಲ್ಲಿ ಶೇ. 22, ಮಾಡದ ಗುಂಪಿನಲ್ಲಿ ಶೇ. 33. ಯಂತ್ರ ಇಲ್ಲ, ಪಕ್ಕದಲ್ಲಿ ಯಾರೂ ನಿಂತು ಹೇಳಿಕೊಟ್ಟಿದ್ದೂ ಇಲ್ಲ. ಇಷ್ಟು ಸುಲಭದ ಕೆಲಸವನ್ನು ನಮ್ಮ ಶಾಲಾ ಕಾಲೇಜುಗಳ ಆಟದ ಮೈದಾನದಲ್ಲಿ ಎಲ್ಲ ಮಕ್ಕಳಿಗೂ ಕಲಿಸಬೇಕು ಎಂಬುದು ನನ್ನ ಆಸೆ. ಕಬಡ್ಡಿ, ಕೊಕ್ಕೊ, ವಾಲಿಬಾಲ್ ಆಡುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಇದೊಂದು ಗೊತ್ತಿಲ್ಲದೆ ಆಟ ಬಿಡುತ್ತಾರೆ.

ಹಂತ 7: ಓಟ, ಆಟ, ತೋಟ

ನೋವಿಲ್ಲದೆ ಚುರುಕಾಗಿ ಅರ್ಧ ಗಂಟೆ ನಡೆಯಲು ಬಂದರೆ ಮೆಲ್ಲಗೆ ಓಡಬಹುದು. ಮೊದಲು ನೇರ, ಸಮತಟ್ಟು ನೆಲದಲ್ಲಿ. ಆಮೇಲೆ 8ರ ಆಕಾರದಲ್ಲಿ, ದೊಡ್ಡ 8ರಿಂದ ಚಿಕ್ಕ 8ಕ್ಕೆ. ನೆಗೆತಕ್ಕೆ ಕುಂಟೆಬಿಲ್ಲೆಗಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಒಂಟಿಕಾಲಲ್ಲಿ ಮನೆಯಿಂದ ಮನೆಗೆ ಜಿಗಿಯಬೇಕು, ಗೆರೆ ತುಳಿಯದೆ ನಿಲ್ಲಬೇಕು, ಬಗ್ಗಿ ಬಿಲ್ಲೆ ಎತ್ತಬೇಕು. ಆಟಕ್ಕೆ ಮರಳುವ ಕಣಕಾಲಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಇಳಿಯುವಾಗ ಸದ್ದಾಗದಂತೆ ಮೆತ್ತಗೆ ಇಳಿಯಿರಿ.

ಸಣ್ಣ ಉಳುಕಾದರೆ ಎರಡು ವಾರದಲ್ಲಿ ದಿನದ ಕೆಲಸಕ್ಕೆ ಮರಳುತ್ತೀರಿ. ಲಿಗಮೆಂಟ್ ಅರ್ಧ ಹರಿದಿದ್ದರೆ ಮೂರರಿಂದ ಆರು ವಾರ, ಪೂರ್ತಿ ಹರಿದಿದ್ದರೆ ಮೂರು ತಿಂಗಳೂ ಆಗಬಹುದು. ಪೂರ್ತಿ ಹರಿದವರಲ್ಲೂ ಬಹುಪಾಲು ಜನರಿಗೆ ಆಪರೇಷನ್ ಬೇಕಾಗುವುದಿಲ್ಲ. ಆಟಗಾರರು ಮೊದಲ ಆರು ತಿಂಗಳಿಂದ ಒಂದು ವರ್ಷ ಆಡುವಾಗ ಲೇಸ್ ಬಿಗಿಯುವ ಬ್ರೇಸ್ (ಕಣಕಾಲಿಗೆ ಆಸರೆ ಕೊಡುವ ಪಟ್ಟಿ) ಹಾಕಿಕೊಳ್ಳುವುದು ಒಳ್ಳೆಯದು. ತೋಟ, ಗದ್ದೆಯಲ್ಲಿ ಕೆಲಸ ಮಾಡುವವರಿಗೂ ಅದೇ ಮಾತು. ಬದುವಿನ ಮೇಲೆ ನಡೆಯುವುದು, ಅಡಿಕೆ ತೋಟದ ಕಾಲುವೆ ದಾಟುವುದು ಯಾವ ಆಟಕ್ಕೂ ಕಡಿಮೆಯಲ್ಲ. ಸವೆದ ಹವಾಯಿ ಚಪ್ಪಲಿ ಬಿಟ್ಟು, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿಯನ್ನೋ ಬೂಟನ್ನೋ ಹಾಕಿ.

ಫಿಸಿಯೋಥೆರಪಿಸ್ಟ್ ಹತ್ತಿರ ಯಾವಾಗ?

ಐದಾರು ದಿನವಾದರೂ ಭಾರ ಹಾಕಲು ಆಗದಿದ್ದರೆ, ಇದು ಎರಡನೆಯ ಮೂರನೆಯ ಸಲದ ಉಳುಕಾದರೆ, ಆರು ವಾರದ ಮೇಲೂ ಕಾಲು ಕುಸಿದಂತೆ ಅನ್ನಿಸುತ್ತಿದ್ದರೆ ಹೋಗಲೇಬೇಕು. ಮೀನಖಂಡವನ್ನು ಎರಡೂ ಕಡೆಯಿಂದ ಅದುಮಿದಾಗ ಕಣಕಾಲಿನ ಮೇಲ್ಭಾಗದಲ್ಲಿ ನೋವು ಬಂದರೂ ಹೋಗಿ. ಅದು ಎರಡು ಮೂಳೆಗಳ ನಡುವಿನ ಕಟ್ಟಿಗೆ ಬಿದ್ದ ಪೆಟ್ಟಿರಬಹುದು, ವಾಸಿಯಾಗಲು ಜಾಸ್ತಿ ಸಮಯ ಬೇಕು. ಬಿಪಿಟಿ ಅಥವಾ ಎಂಪಿಟಿ (ಫಿಸಿಯೋಥೆರಪಿಯ ಪದವಿ, ಸ್ನಾತಕೋತ್ತರ ಪದವಿ) ಓದಿದವರೇ ಎಂದು ಕೇಳಿಕೊಳ್ಳಿ, ಕೇಳುವುದರಲ್ಲಿ ಮುಜುಗರ ಬೇಡ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗ ಇರುತ್ತದೆ. ಬೆಂಗಳೂರಿನಲ್ಲಿ ಮೂಳೆ ಪೆಟ್ಟಿಗೆಂದೇ ಸಂಜಯ್ ಗಾಂಧಿ ಸರ್ಕಾರಿ ಆಸ್ಪತ್ರೆ ಇದೆ.

ದಿನಾ ಹೋಗಿ ಯಂತ್ರದ ಕೆಳಗೆ ಕಾಲಿಟ್ಟು ಬರುವುದಷ್ಟೇ ಚಿಕಿತ್ಸೆಯಾದರೆ ಕೇಳಿ: 'ಮನೆಯಲ್ಲಿ ಮಾಡೋಕೆ ಏನು ವ್ಯಾಯಾಮ, ಎಷ್ಟು ಸಲ, ಯಾವಾಗ ಹೆಚ್ಚಿಸಬೇಕು?' ಒಳ್ಳೆಯ ಫಿಸಿಯೋ ಈ ಮೂರಕ್ಕೂ ಉತ್ತರ ಕೊಡುತ್ತಾರೆ, ಮಾಡಿ ತೋರಿಸುತ್ತಾರೆ, ನಿಮ್ಮಿಂದ ಮಾಡಿಸಿ ನೋಡುತ್ತಾರೆ.

ವಯಸ್ಸಾದ ತಂದೆತಾಯಿ ಬಿದ್ದು ಕಾಲು ಉಳುಕಿಸಿಕೊಂಡಿದ್ದರೆ ಕಾಲಿನ ಜೊತೆಗೆ ಯಾಕೆ ಬಿದ್ದರು ಎಂಬುದನ್ನೂ ನೋಡಿ. ಎದ್ದ ತಕ್ಷಣ ತಲೆ ಸುತ್ತುತ್ತದೆಯೇ, ಹೊಸ ಬಿಪಿ ಮಾತ್ರೆ ಶುರುವಾಗಿದೆಯೇ, ಕಣ್ಣು ಮಂಜಾಗಿದೆಯೇ? ಹೆಚ್ಚು ಹೊತ್ತು ಮಲಗಿಯೇ ಇರುವವರ ಮೀನಖಂಡ ಊದಿ, ಬಿಸಿಯಾಗಿ, ನೋಯತೊಡಗಿದರೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಡಾಕ್ಟರಿಗೆ ತೋರಿಸಿ. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕಾಯದೆ 108ಕ್ಕೆ ಫೋನ್ ಮಾಡಿ. ಅವರು ಮತ್ತೆ ಓಡಾಡಲು ಶುರು ಮಾಡುವ ಮೊದಲು ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ದೀಪ, ಹಿಡಿಯಲು ಒಂದು ಕಂಬಿ ಹಾಕಿಸಿ. ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಉದುರಿಸಿ, ಸ್ವಲ್ಪ ಹೊತ್ತು ಬಿಟ್ಟು, ಗಟ್ಟಿ ಪೊರಕೆಯಲ್ಲಿ ಉಜ್ಜಿ ತೊಳೆಸಿ. ಮಳೆಗಾಲ ಮುಗಿಯುವವರೆಗೆ ಪಾಚಿ ಕಂಡಾಗೆಲ್ಲ ಇದನ್ನು ಮಾಡಬೇಕಾಗುತ್ತದೆ.